ಹತ್ತು ಸೆಕೆಂಡಿನ ಕಾಗದ

ಬೆಳಿಗ್ಗೆ ಏಳು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಅವರು ಆಸ್ಪತ್ರೆಯ ಮೆಟ್ಟಿಲ ಬುಡದಲ್ಲಿರುತ್ತಾರೆ. ಒಟ್ಟು ಮೂವತ್ತನಾಲ್ಕು ಮೆಟ್ಟಿಲು. ಅರ್ಧಕ್ಕೆ ಒಂದು ತಿರುವು, ಅಲ್ಲೊಂದು ಕಿಟಕಿ. ಆ ಕಿಟಕಿಯ ಕಟ್ಟೆ ಹಿಡಿದು ಮೊಣಕಾಲಿಗೆ ಒಂದು ನಿಮಿಷ ಬಿಡುವು ಕೊಟ್ಟು ಮತ್ತೆ ಹತ್ತುತ್ತಾರೆ. ಕಂಕುಳಲ್ಲಿ ಹಳೇ ಹತ್ತಿ ಬಟ್ಟೆಯಲ್ಲಿ ಸುತ್ತಿದ ಒಂದಡಿಯ ಸ್ಟೀಲ್ ಸ್ಕೇಲು ಇರುತ್ತದೆ.

ಮೇಲೆ ಹೋದರೆ ಎಡಗಡೆ ಎರಡನೇ ಕೋಣೆ. ನರ್ಸು ಇಸಿಜಿ ಯಂತ್ರವನ್ನು ಆಗಲೇ ಆನ್ ಮಾಡಿಟ್ಟಿರುತ್ತಾಳೆ. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಅವರು ಕಾಯುತ್ತಾರೆ. ಬಂದ ತಕ್ಷಣ ಗುಂಡಿ ಒತ್ತುತ್ತಾರೆ. ಕಾಗದ ಸರಸರನೆ ಹೊರಗೆ ಬರುತ್ತದೆ. ಮುಳ್ಳು ಎರಡನ್ನು ಮುಟ್ಟಿದಾಗ, ಅಂದರೆ ಸರಿಯಾಗಿ ಹತ್ತು ಸೆಕೆಂಡಿಗೆ, ನಿಲ್ಲಿಸುತ್ತಾರೆ. ಬಟ್ಟೆ ಬಿಚ್ಚಿ ಸ್ಕೇಲನ್ನು ಕಾಗದದ ಮೇಲಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಮೂಗು ಮುಟ್ಟುವಷ್ಟು ಬಗ್ಗಿ ನೋಡುತ್ತಾರೆ.

"ಇಪ್ಪತ್ತೈದು."

"ಇಪ್ಪತ್ತೈದು," ಎಂದು ನರ್ಸೂ ಹೇಳಿ, ಮೊಳೆಗೆ ತೂಗುಹಾಕಿದ ಪುಸ್ತಕದಲ್ಲಿ ಅಷ್ಟು ಸೆಂಟಿಮೀಟರು ಎಂದು ಬರೆದುಕೊಳ್ಳುತ್ತಾಳೆ.

ಅವರು ಸ್ಕೇಲನ್ನು ಮತ್ತೆ ಸುತ್ತಿಕೊಂಡು ಇಳಿದು ಹೋಗುತ್ತಾರೆ. ಆ ನರ್ಸು ಅವರ ಸ್ವಂತ ಮಗಳು. ಇರುವವಳು ಅವಳೊಬ್ಬಳೇ. ಏಳು ತಿಂಗಳಿಂದ ಅಪ್ಪ ಮಗಳ ನಡುವೆ ದಿನಕ್ಕೆ ಇದೊಂದೇ ಮಾತು.

ಪೇಟೆಯಲ್ಲಿ ಅವರನ್ನು ಎಲ್ಲರೂ ಕಿವಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಎರಡು ಅಂಗಡಿಗಳ ನಡುವೆ ಮಹಡಿಗೆ ಹೋಗುವ ಮೆಟ್ಟಿಲಿನ ಕೆಳಗೆ ಅವರ ರಿಪೇರಿ ಅಂಗಡಿ. ಒಳಗೆ ನೆಟ್ಟಗೆ ನಿಂತರೆ ತಲೆಗೆ ಏಟು ಗ್ಯಾರಂಟಿ. ಬಸ್ಸಿನ ಟಿಕೆಟ್ ಯಂತ್ರ, ಅಂಗಡಿಗಳ ಬಿಲ್ ಪ್ರಿಂಟರು, ಔಷಧಿ ಗೋದಾಮಿನ ಲೇಬಲ್ ಪ್ರಿಂಟರು, ಕಚೇರಿಗಳಿಂದ ಬರುವ ಗರಗರ ಸದ್ದಿನ ಹಳೇ ಪ್ರಿಂಟರು, ಎಲ್ಲವೂ ಅಲ್ಲಿ ಒಂದರ ಮೇಲೊಂದು ಕೂತಿರುತ್ತಿದ್ದವು. "ಅಕ್ಷರ ಯಾರು ಬೇಕಾದ್ರೂ ಹಾಕ್ತಾರೆ. ಕಾಗದವನ್ನ ಒಂದೇ ನಡಿಗೆಯಲ್ಲಿ ನಡೆಸಬೇಕಲ್ಲ, ಅಲ್ಲಿರೋದು ಕೆಲಸ," ಎನ್ನುತ್ತಿದ್ದರು. ಆ ನಡಿಗೆ ಇರುವುದು ಮೋಟಾರಿನಲ್ಲಿ. ಮೋಟಾರು ಓಡಿದರೆ ಅಕ್ಷರ ಉದ್ದವಾಗುತ್ತದೆ, ಎಡವಿದರೆ ಸಾಲಿನ ಮೇಲೆ ಸಾಲು ಬೀಳುತ್ತದೆ.

ಮೋಟಾರಿನ ವೇಗ ಅಳೆಯಲು ಬೇರೆಯವರು ಮೀಟರು ತರುತ್ತಿದ್ದರು. ಇವರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿನ ಬೆನ್ನಿಗೆ ಊರಿ, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಪಕ್ಕದ ಅಂಗಡಿಯ ಫೋಟೋದವನು ಗಿರಾಕಿಗಳಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ.

"ಸದ್ದು ಮಾಡಬೇಡಿ, ಮೇಸ್ತ್ರಿ ಫೋನಲ್ಲಿದ್ದಾರೆ."

ಮೇಸ್ತ್ರಿ ಕಣ್ಣು ಬಿಟ್ಟ ಮೇಲೆ ಅವನೇ ಕೇಳುತ್ತಿದ್ದ, "ಏನಂತೆ?"

"ಮೈ ಭಾರ ಅಂತೆ. ದಂಡ ತಿರುಗೋ ಬುಶ್ ಒಣಗಿದೆ. ಒಂದು ಹನಿ ಎಣ್ಣೆ ಬೇಕಂತೆ."

"ನನ್ನ ಕ್ಷೇಮಾನೂ ಕೇಳ್ತಾ?"

"ಹೂಂ, ಬಾಯಿ ಯಾವಾಗ ಮುಚ್ತಾನೆ ಅಂತ ಕೇಳ್ತು."

ಎಣ್ಣೆ ಬಿಟ್ಟು ನೋಡಿದರೆ ಅವರು ಹೇಳಿದ್ದೇ ಸರಿ ಇರುತ್ತಿತ್ತು. ಇಪ್ಪತ್ತೆಂಟು ವರ್ಷದಲ್ಲಿ ಆ ಕಿವಿ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಆ ಕಿವಿ ಕೊನೆಗೂ ತಪ್ಪಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು.

ಹೆಂಡತಿಗೆ ಈ ಯಂತ್ರಗಳ ವಿಷಯ ಕೇಳುವುದೆಂದರೆ ಇಷ್ಟ. ಅರ್ಥವಾಗಲಿ ಬಿಡಲಿ, ಕೇಳುತ್ತಿದ್ದಳು. ದಪ್ಪ ಮೈಯ, ದೊಡ್ಡ ನಗುವಿನ ಹೆಂಗಸು. ಒಂದು ದಿನ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವರು ಒಂದು ಬಿಡಿ ಮೋಟಾರನ್ನು ತೋರಿಸಿದ್ದರು. ಅದರ ಬಾಲಕ್ಕೆ ಒಂದು ತೆಳು ತಟ್ಟೆ, ತಟ್ಟೆಯ ಸುತ್ತ ಕೂದಲೆಳೆಯಂಥ ಸೀಳುಗಳು. ಒಂದು ಕಡೆ ಪುಟ್ಟ ದೀಪ, ಇನ್ನೊಂದು ಕಡೆ ಬೆಳಕು ಕಾಣುವ ಕಣ್ಣು. ತಟ್ಟೆ ತಿರುಗಿದಂತೆ ಬೆಳಕು ಬಂದು ಹೋಗಿ, ಬಂದು ಹೋಗಿ ಆಗುತ್ತದೆ. ಒಳಗಿನ ಬೋರ್ಡು ಅದನ್ನು ಎಣಿಸುತ್ತದೆ. ಎಣಿಕೆ ಕಡಿಮೆ ಬಂದರೆ ಕರೆಂಟು ಹೆಚ್ಚು ಕೊಡುತ್ತದೆ, ಹೆಚ್ಚು ಬಂದರೆ ತಗ್ಗಿಸುತ್ತದೆ.

"ನೀನು ಹಾಲು ಕಾಯಿಸ್ತೀಯಲ್ಲ, ಹಾಗೇ ಕಣೇ. ಉಕ್ಕೋಕೆ ಬಂದ್ರೆ ಉರಿ ಸಣ್ಣ ಮಾಡ್ತೀಯ, ಸುಮ್ಮನಾದ್ರೆ ದೊಡ್ಡದು ಮಾಡ್ತೀಯ. ಬೋರ್ಡು ಮೋಟಾರಿನ ಮುಂದೆ ಹಾಗೇ ನಿಂತಿರುತ್ತೆ."

"ಪಾಪ, ಇಡೀ ದಿನಾನಾ? ಆಚೀಚೆ ನೋಡೋಕೂ ಬಿಡುವಿಲ್ವಾ?"

"ಅದಕ್ಕೆ ಆ ತಟ್ಟೆ ಬಿಟ್ಟು ಬೇರೇನೂ ಕಾಣಲ್ಲ."

"ನಿಮ್ಮ ಹಾಗೇ ಅನ್ನಿ. ಮೋಟಾರು ಪಿಸುಗುಟ್ಟಿದ್ದು ಕೇಳುತ್ತೆ, ಹೆಂಡತಿ ಬಾಗಿಲಲ್ಲಿ ನಿಂತು ಮೂರು ಸಲ ಊಟಕ್ಕೆ ಕರೆದದ್ದು ಕೇಳಲ್ಲ."

ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಅವಳು ಎರಡು ಕೈ ಜೋಡಿಸಿ ನಿಲ್ಲುತ್ತಿದ್ದಳು. ಉದ್ದದ ಪ್ರಾರ್ಥನೆ ಅವಳಿಗೆ ಬರುತ್ತಿರಲಿಲ್ಲ. ದೇವರೇ, ಇವತ್ತು ನಮ್ಮ ಕೈಯಿಂದ ಯಾರಿಗೂ ಕೇಡಾಗದೇ ಇರಲಿ, ಅಷ್ಟೇ. ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದಳು. ಮೇಸ್ತ್ರಿ ಹಲ್ಲುಜ್ಜುತ್ತಾ ಗೇಲಿ ಮಾಡುತ್ತಿದ್ದರು.

"ಪ್ರಿಂಟರ್ ರಿಪೇರಿಯಿಂದ ಯಾರಿಗೇನೇ ಕೇಡು? ಹೆಚ್ಚಂದ್ರೆ ಬಿಲ್ಲು ಸೊಟ್ಟಗೆ ಬಂದೀತು."

"ನಂಗೇನು ಗೊತ್ತು? ಕೇಳಿಕೊಳ್ಳೋದು ನನ್ನ ಕೆಲಸ, ಕೇಳಿಕೊಂಡೆ."

ಮಗಳು ನರ್ಸಿಂಗ್ ಮುಗಿಸಿ ಆ ಹತ್ತು ಹಾಸಿಗೆಯ ಆಸ್ಪತ್ರೆಗೆ ಸೇರಿದಳು. ಅಲ್ಲಿಯ ಇಸಿಜಿ ಯಂತ್ರ ಕೆಟ್ಟಾಗ ಅಪ್ಪನನ್ನು ಕರೆಸಿದವಳು ಅವಳೇ. ಮುಚ್ಚಳ ತೆಗೆದು ನೋಡಿದ ಮೇಸ್ತ್ರಿಗೆ ನಗು ಬಂತು. ಅದೇ ಮೋಟಾರು, ಅದೇ ತಟ್ಟೆ, ಅದೇ ರಬ್ಬರಿನ ರೋಲರು. "ಇದೂ ಪ್ರಿಂಟರೇ ಕಣೇ ಪುಟ್ಟಿ. ಬಿಲ್ಲಿನ ಬದಲು ಎದೆಬಡಿತ ಬರುತ್ತೆ, ಅಷ್ಟೇ," ಎಂದರು. ಅಂದಿನಿಂದ ಆ ಯಂತ್ರ ಅವರ ಪಾಲಿಗೆ ಬಂತು. ಹೆಂಡತಿ ಅಕ್ಕಪಕ್ಕದವರ ಹತ್ತಿರವೆಲ್ಲ ಹೇಳಿಕೊಂಡಳು, ನಮ್ಮನೆಯವರು ಈಗ ಆಸ್ಪತ್ರೆಯಲ್ಲೂ ಕೆಲಸ ಮಾಡ್ತಾರೆ ಅಂತ.

ಆ ಯಂತ್ರ ಮಾಡುವುದಿಷ್ಟು. ಸಣ್ಣ ಸಣ್ಣ ಚೌಕಗಳು ಅಚ್ಚಾಗಿರುವ ಕಾಗದವನ್ನು ಸೆಕೆಂಡಿಗೆ ಇಪ್ಪತ್ತೈದು ಮಿಲಿಮೀಟರಿನಂತೆ ಎಳೆಯುತ್ತದೆ, ಅದರ ಮೇಲೆ ಎದೆಬಡಿತದ ಗೆರೆ ಬರೆಯುತ್ತದೆ. ಗೆರೆಯಲ್ಲಿ ಒಂದೊಂದು ಬಡಿತಕ್ಕೆ ಒಂದೊಂದು ಮೊನೆ. ಎರಡು ಮೊನೆಗಳ ನಡುವೆ ಎಷ್ಟು ಚೌಕ ಎಂದು ಎಣಿಸಿದರೆ ನಿಮಿಷಕ್ಕೆ ಎದೆ ಎಷ್ಟು ಸಲ ಬಡಿಯುತ್ತಿದೆ ಎಂದು ತಿಳಿಯುತ್ತದೆ. ಚೌಕ ಕಡಿಮೆಯಾದಷ್ಟೂ ಎದೆ ಜೋರಾಗಿ ಓಡುತ್ತಿದೆ ಎಂದು ಲೆಕ್ಕ. ಆ ಕೋಣೆಯ ಗೋಡೆಗೆ ಡಾಕ್ಟರಮ್ಮ ಒಂದು ರಟ್ಟು ಅಂಟಿಸಿದ್ದರು: ನೂರಿಪ್ಪತ್ತು ದಾಟಿದವರನ್ನು ಮನೆಗೆ ಕಳಿಸಕೂಡದು, ಮಲಗಿಸಿ ನನ್ನನ್ನು ಕರೆಯಬೇಕು.

ಹೋದ ವರ್ಷ ಆ ಯಂತ್ರದ ರೋಲರಿನ ರಬ್ಬರು ಬಿರುಕು ಬಿಟ್ಟಿತು. ಕಾಗದ ಜಾರತೊಡಗಿತು. ಹೊಸ ರೋಲರಿಗಾಗಿ ಕಂಪನಿಗೆ ಬರೆದರೆ ಬರಲು ನಾಲ್ಕು ವಾರ ಎಂದರು.

"ಅಲ್ಲೀವರೆಗೆ ಏನಾದ್ರೂ ಮಾಡಕ್ಕಾಗುತ್ತಾ ಮೇಸ್ತ್ರಿ?" ಎಂದು ಕೇಳಿದರು ಡಾಕ್ಟರಮ್ಮ.

"ಯಾಕಾಗಲ್ಲ?" ಎಂದರು ಇವರು.

ಬಿಲ್ ಪ್ರಿಂಟರುಗಳಿಗೆ ಅವರು ಎಷ್ಟೋ ಸಲ ಮಾಡಿದ ಕೆಲಸ ಅದು. ಹಳೇ ರಬ್ಬರನ್ನು ಕೆತ್ತಿ ತೆಗೆದು, ಕಬ್ಬಿಣದ ಸರಳಿಗೆ ರಬ್ಬರ್ ಟ್ಯೂಬು ತೊಡಿಸಿ, ಎರಡು ತುದಿಗೆ ಅಂಟು ಹಚ್ಚುವುದು. ಆ ಟ್ಯೂಬು ಮೂಲ ರಬ್ಬರಿಗಿಂತ ಒಂದು ಮಿಲಿಮೀಟರು ದಪ್ಪ. ಹತ್ತು ಮಿಲಿಮೀಟರಿನ ರೋಲರು ಹನ್ನೆರಡಾಗುತ್ತದೆ. ಬಿಲ್ಲಿನಲ್ಲಿ ಅದರಿಂದ ಅಕ್ಷರ ಒಂದಿಷ್ಟು ಉದ್ದವಾಗುತ್ತಿತ್ತು, ಅಷ್ಟೇ. "ವಯಸ್ಸಾದವರಿಗೆ ಓದೋಕೆ ಸಲೀಸು," ಎಂದು ಅಂಗಡಿಯವರು ಖುಷಿಪಡುತ್ತಿದ್ದರು. ಇಸಿಜಿ ಯಂತ್ರಕ್ಕೂ ಅದೇ ಟ್ಯೂಬು ತೊಡಿಸಿದರು. ಸ್ಕ್ರೂಡ್ರೈವರನ್ನು ಕಿವಿಯ ಹಿಂದೆ ಒತ್ತಿ ಕೇಳಿದರು. ಮೋಟಾರು ಒಂದೇ ಸ್ವರದಲ್ಲಿ, ಕಿಂಚಿತ್ತೂ ಏರಿಳಿತವಿಲ್ಲದೆ ತಿರುಗುತ್ತಿತ್ತು. ಕಾಗದದ ಅಂಚಿನಲ್ಲಿ ಯಂತ್ರ ತನ್ನಷ್ಟಕ್ಕೆ 25 ಎಂದು ಅಚ್ಚು ಹಾಕಿಕೊಂಡು ಬಂತು. ಸ್ಟೀಲ್ ಸ್ಕೇಲು ಪೆಟ್ಟಿಗೆಯಲ್ಲಿತ್ತು. ತೆಗೆಯಲಿಲ್ಲ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಹೆಂಡತಿ ಒಲೆಯ ಮುಂದೆ ಕೈ ಜೋಡಿಸಿ ನಿಂತವಳು ಹಾಗೇ ಗೋಡೆಗೆ ಒರಗಿದಳು.

"ಯಾಕೋ ಎದೆ ಓಡ್ತಾ ಇದೆ ಕಣ್ರೀ."

"ಮೊನ್ನೆಯಿಂದ ಒಗೆಯೋದು ಒಗೆಯೋದು ಅಂತ ಬಗ್ಗಿದ್ದೀಯಲ್ಲ, ಅದಕ್ಕೇ. ಕೂತ್ಕೋ," ಎಂದರು ಮೇಸ್ತ್ರಿ. ಟಿಕೆಟ್ ಯಂತ್ರವೊಂದನ್ನು ಒಂಬತ್ತಕ್ಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಹೊರಟರು.

ಮಗಳು ಅಮ್ಮನ ಮಣಿಕಟ್ಟು ಹಿಡಿದು ಗಡಿಯಾರ ನೋಡಿದಳು. ಹದಿನೈದು ಸೆಕೆಂಡಿಗೆ ಮೂವತ್ತೊಂದು. ಅಂದರೆ ನಿಮಿಷಕ್ಕೆ ನೂರಿಪ್ಪತ್ತರ ಮೇಲೆ. ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮೂವತ್ತನಾಲ್ಕು ಮೆಟ್ಟಿಲನ್ನೂ ಆ ಹೆಂಗಸು ಕಿಟಕಿಯ ಹತ್ತಿರ ಒಂದು ಸಲ ಕೂತು, "ನಿಮ್ಮಾಸ್ಪತ್ರೆಗೆ ಬರೋಕೆ ಮೊದಲು ಆರೋಗ್ಯ ಚೆನ್ನಾಗಿರಬೇಕು ಕಣೇ," ಎಂದು ನಗುತ್ತಾ ಹತ್ತಿದಳು. ಮೇಲೆ ಯಂತ್ರ ಹಚ್ಚಿದರೆ ಎರಡು ಮೊನೆಗಳ ನಡುವೆ ಹದಿನಾಲ್ಕು ಚೌಕ, ಮೇಲೆ ಅರ್ಧಕ್ಕೆ ತುಸು ಕಡಿಮೆ. ಲೆಕ್ಕ ಹಾಕಿದರೆ ನೂರನಾಲ್ಕು. ಮಗಳು ಮತ್ತೆ ಎಣಿಸಿದಳು. ನೂರನಾಲ್ಕೇ. ಸ್ವಂತ ಅಮ್ಮನ ಕೈ ಹಿಡಿದಾಗ ನನ್ನ ಬೆರಳಿನ ನಾಡಿಯನ್ನೇ ಎಣಿಸಿಬಿಟ್ಟೆನೇನೋ ಎಂದುಕೊಂಡಳು. ಹಾಗಾಗುವುದುಂಟು ಎಂದು ಅವಳಿಗೆ ಪಾಠ ಹೇಳಿದವರೇ ಹೇಳಿದ್ದರು. ಡಾಕ್ಟರಮ್ಮ ಪಕ್ಕದ ಕೋಣೆಯಲ್ಲಿ ಒಂದು ಮಗುವಿನ ಹಣೆಗೆ ಹೊಲಿಗೆ ಹಾಕುತ್ತಿದ್ದರು. ಕೈ ಬಿಡುವಂತಿರಲಿಲ್ಲ. ಮಗಳು ಹಿಡಿದು ತೋರಿಸಿದ ಕಾಗದವನ್ನು ನೋಡಿ, "ಮೆಟ್ಟಿಲು ಹತ್ತಿದ್ದಾರಲ್ಲ, ಸ್ವಲ್ಪ ಓಡುತ್ತೆ. ಮನೇಲಿ ಮಲಗಿಸು, ನಾಳೆ ಬೆಳಿಗ್ಗೆ ಕರ್ಕೊಂಡು ಬಾ," ಎಂದರು.

ನಾಳೆ ಬೆಳಿಗ್ಗೆ ಆಯಿತು. ಬೇಡವೆಂದರೂ ಕೇಳದೆ ಎರಡು ಬಟ್ಟೆ ಹಿಂಡಿ ತಂತಿಗೆ ಹಾಕಿ ಬರುತ್ತೇನೆ ಎಂದು ಹಿತ್ತಲಿಗೆ ಹೋದವಳು ಒಗೆಯುವ ಕಲ್ಲಿನ ಮೇಲೆ ಕೂತಳು. ಮೇಸ್ತ್ರಿ ಒಳಗಿದ್ದರು. ಬಕೆಟ್ಟಿಗೆ ನೀರು ತುಂಬಿ ಹರಿಯುವ ಸದ್ದು ಬಹಳ ಹೊತ್ತು ಕೇಳಿ, ನಲ್ಲಿ ನಿಲ್ಲಿಸಲು ಹೋದಾಗ ನೋಡಿದರು, ಉಸಿರಿರಲಿಲ್ಲ.

ಹೊಸ ರೋಲರು ಮುಂದಿನ ವಾರ ಬಂತು. ಅಂಗಡಿಯ ಬಾಗಿಲು ಹಾಕಿತ್ತು. ಫೋಟೋದವನು ಪ್ಯಾಕೆಟ್ಟನ್ನು ಇಸಿದುಕೊಂಡು ಇಟ್ಟಿದ್ದ.

ಅಮ್ಮ ಹೋದ ಇಪ್ಪತ್ತಮೂರನೇ ದಿನ ಮಧ್ಯಾಹ್ನ ಮೇಸ್ತ್ರಿ ಅಡುಗೆಮನೆಗೆ ಬಂದರೆ ಮಗಳು ಮೇಜಿನ ಮುಂದೆ ಕೂತಿದ್ದಳು. ಮುಂದೆ ಆ ದಿನದ ಇಸಿಜಿ ಕಾಗದ. ಹೇರ್‌ಪಿನ್ನಿನ ತುದಿಯಿಂದ ಒಂದೊಂದೇ ಚೌಕ ಮುಟ್ಟುತ್ತಾ ಎಣಿಸುತ್ತಿದ್ದಳು. ಮುಟ್ಟಿ ಮುಟ್ಟಿ ಅಲ್ಲಿ ಕಾಗದ ಸವೆದು ಹೋಗಿತ್ತು.

"ಏನು ಪುಟ್ಟಿ ಅದು?"

"ಎಣಿಸ್ತಾ ಇದೀನಿ. ನನ್ನ ಕೈಗೆ ನೂರಿಪ್ಪತ್ತನಾಲ್ಕು ಸಿಕ್ಕಿತ್ತು ಅಪ್ಪ. ಕಾಗದದಲ್ಲಿ ನೂರನಾಲ್ಕು ಅಂತ ಓದಿದೆ. ಎಲ್ಲೋ ತಪ್ಪು ಎಣಿಸಿದೀನಿ. ಎಲ್ಲಿ ಅಂತ ಸಿಗ್ತಾ ಇಲ್ಲ. ನೀನೂ ಒಂದ್ಸಲ ನೋಡು."

ಮೇಸ್ತ್ರಿ ಕನ್ನಡಕ ಏರಿಸಿ ಬಗ್ಗಿದರು. ಎದೆಬಡಿತದ ಲೆಕ್ಕ ಅವರಿಗೆ ತಿಳಿಯದು. ಅವರ ಕಣ್ಣು ಹೋದದ್ದು ಕಾಗದದ ಮೊದಲ ತುದಿಗೆ. ಗೆರೆ ಶುರುವಾಗುವ ಮುಂಚೆ ಯಂತ್ರ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಲು ಒಂದು ಸಣ್ಣ ಗುರುತು ಹಾಕುತ್ತದೆ, ಪುಟ್ಟ ಬಾಗಿಲಿನ ಚೌಕಟ್ಟಿನ ಹಾಗೆ. ನರ್ಸುಗಳು ಅದರ ಎತ್ತರ ನೋಡುತ್ತಾರೆ. ಅಗಲವನ್ನು ಯಾರೂ ನೋಡುವುದಿಲ್ಲ. ಆ ಅಗಲವನ್ನು ನಿರ್ಧರಿಸುವುದು ಮೋಟಾರಲ್ಲ, ಬೋರ್ಡಿನೊಳಗಿನ ಗಡಿಯಾರ. ಕಾಗದ ಸರಿಯಾಗಿ ನಡೆದರೆ ಅದು ಐದು ಸಣ್ಣ ಚೌಕದಷ್ಟು ಅಗಲ ಇರಬೇಕು.

ಆರು ಇತ್ತು.

ಒಂದು ಚೌಕ ಹೆಚ್ಚು. ಒಂದು ಮಿಲಿಮೀಟರು. ಐದು ನಡೆಯಬೇಕಾದ ಕಡೆ ಕಾಗದ ಆರು ನಡೆದಿತ್ತು. ಓಡುತ್ತಿದ್ದ ಎದೆಯ ಮೊನೆಗಳನ್ನು ಹಿಗ್ಗಿಸಿ ದೂರ ದೂರ ಇಟ್ಟಿತ್ತು. ಮೋಟಾರು ಸರಿಯಾಗಿಯೇ ತಿರುಗಿತ್ತು, ಬೋರ್ಡು ತಟ್ಟೆಯನ್ನು ಸರಿಯಾಗಿಯೇ ಎಣಿಸಿತ್ತು, ಕಿವಿಗೆ ಕೇಳಿದ್ದೂ ಸರಿಯೇ. ರಬ್ಬರು ದಪ್ಪವಾಗಿದೆ ಎಂಬುದು ಇವ್ಯಾವುದಕ್ಕೂ ಕಾಣುವಂತಿರಲಿಲ್ಲ. ಮೇಸ್ತ್ರಿಗೆ ಮಾತ್ರ ಗೊತ್ತಿತ್ತು, ಏಕೆಂದರೆ ತೊಡಿಸಿದ್ದು ಅವರು.

"ಸಿಕ್ತಾ?" ಎಂದು ಕೇಳಿದಳು ಮಗಳು.

"ಇಲ್ಲ," ಎಂದರು ಅವರು.

ಮರುದಿನ ಸರ್ವಿಸಿನ ನೆಪ ಹೇಳಿ ಆಸ್ಪತ್ರೆಗೆ ಹೋದರು. ಹತ್ತು ಸೆಕೆಂಡು ಕಾಗದ ಓಡಿಸಿ ಸ್ಕೇಲು ಇಟ್ಟರೆ ಕಾಗದ ಆ ಒಂದಡಿಯ ಸ್ಕೇಲಿನ ತುದಿ ಮುಟ್ಟಿತು. ಮೂವತ್ತು. ಫೋಟೋದವನ ಹತ್ತಿರ ಇದ್ದ ರೋಲರು ತಂದು ಹಾಕಿದರು. ಮತ್ತೆ ಅಳೆದರು. ಇಪ್ಪತ್ತೈದು. ತೆಗೆದ ರೋಲರನ್ನು ಜೇಬಿಗೆ ಹಾಕಿಕೊಂಡು ಮೆಟ್ಟಿಲಿಳಿದರು. ಯಾರಿಗೂ ಏನೂ ಹೇಳಲಿಲ್ಲ.

ಹೇಳದೆ ಐದು ವಾರ ಕಳೆಯಿತು. ಹೇಳಬೇಕೆಂದು ದಿನಾ ಏಳುತ್ತಿದ್ದರು. ಒಲೆ ಹಚ್ಚಲು ಹೋದರೆ ಅಲ್ಲಿ ಗೋಡೆಯ ಮೇಲೆ ಅವಳು ಒರಗಿ ಒರಗಿ ಆದ ಎಣ್ಣೆಯ ಕಲೆ. ಆ ಪ್ರಾರ್ಥನೆ ನೆನಪಾಗಿ ಬೆಂಕಿಕಡ್ಡಿ ಗೀರಲು ಆಗುತ್ತಿರಲಿಲ್ಲ. ಮಗಳೇ ಬಂದು ಹಚ್ಚುತ್ತಿದ್ದಳು. ಇರುವವಳು ಇವಳೊಬ್ಬಳು, ಇವಳೂ ಹೋದರೆ ಎಂಬ ಹೆದರಿಕೆ. ಅಂಗಡಿ ತೆರೆದರು. ಸ್ಕ್ರೂಡ್ರೈವರು ಕಿವಿಯ ಹತ್ತಿರ ಹೋಗಲೇ ಇಲ್ಲ.

"ಏನು ಮೇಸ್ತ್ರಿ, ಫೋನು ಕಟ್ಟಾಗಿದೆಯಾ?" ಎಂದು ಫೋಟೋದವನು ಒಂದು ದಿನ ನಗಿಸಲು ನೋಡಿದ. ಅವರ ಮುಖ ಕಂಡು ಸುಮ್ಮನೆ ಒಳಗೆ ಹೋದ.

ಆರನೇ ವಾರದ ಭಾನುವಾರ ಮಗಳು ಊಟದ ಮೇಜಿನ ಮೇಲೆ ಒಂದು ಪತ್ರ ಇಟ್ಟಳು.

"ನಾಳೆ ಕೊಡ್ತಾ ಇದೀನಿ ಅಪ್ಪ. ಕೆಲಸ ಬಿಡ್ತೀನಿ. ಬೇರೆ ಕಡೇನೂ ನರ್ಸಾಗಿ ಸೇರಲ್ಲ. ನನ್ನ ಕೈ ಮೇಲೆ ನಂಗೆ ನಂಬಿಕೆ ಹೋಯ್ತು. ನಿನ್ನೆ ಒಬ್ಬ ಮುದುಕಪ್ಪನ ನಾಡಿ ಹಿಡಿದು ನಾಲ್ಕು ಸಲ ಎಣಿಸಿದೆ. ನಾಲ್ಕು ಸಲಾನೂ ಇನ್ನೊಬ್ಬಳನ್ನ ಕರೆದು ಕೇಳಿದೆ. ಅವಳು ನಕ್ಕಳು."

ಮೇಸ್ತ್ರಿ ತುತ್ತು ಕೆಳಗಿಟ್ಟರು. ಎದ್ದು ಹೋಗಿ, ಮಡಿಸಿಟ್ಟಿದ್ದ ಅಂಗಿಯ ಜೇಬಿನಿಂದ ಆ ರೋಲರು ತಂದರು. ಸ್ಟೀಲ್ ಸ್ಕೇಲು ತಂದರು.

"ಆ ಕಾಗದ ತಗೊಂಡು ಬಾ ಪುಟ್ಟಿ."

ಅವಳು ತಂದಳು. ಮೇಸ್ತ್ರಿ ಆ ಪುಟ್ಟ ಬಾಗಿಲಿನ ಗುರುತಿನ ಮೇಲೆ ಬೆರಳಿಟ್ಟರು.

"ಎಣಿಸು. ಅಗಲ."

"ಆರು."

"ಐದಿರಬೇಕು."

ಅವಳಿಗೆ ಮೊದಲು ತಿಳಿಯಲಿಲ್ಲ. ಅವರು ರೋಲರನ್ನು ಮೇಜಿನ ಮೇಲೆ ಉರುಳಿಸಿ ತೋರಿಸಿದರು, ಬಿಲ್ ಪ್ರಿಂಟರಿನ ಟ್ಯೂಬು ಎಂದರು, ದಪ್ಪ ಎಂದರು, ಅಳೆಯಲಿಲ್ಲ ಎಂದರು. "ನೀನು ಸರಿಯಾಗೇ ಎಣಿಸಿದ್ದೆ. ನಿನ್ನ ಕೈ ಹೇಳಿದ್ದೂ ಸರಿ. ನೂರಿಪ್ಪತ್ತನಾಲ್ಕೇ ಇತ್ತು. ಕಾಗದ ಸುಳ್ಳು ಹೇಳ್ತು. ಹೇಳಿಸಿದ್ದು ನಾನು."

ಮಗಳು ರೋಲರನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದಳು. ಅಳಲಿಲ್ಲ. ಅಮ್ಮನ ಬಗ್ಗೆಯೂ ಕೇಳಲಿಲ್ಲ.

"ಇದು ನಿಂಗೆ ಯಾವಾಗ ಗೊತ್ತಾಯ್ತು?"

"ನೀನು ಹೇರ್‌ಪಿನ್ನಲ್ಲಿ ಎಣಿಸ್ತಾ ಕೂತಿದ್ಯಲ್ಲ, ಆವತ್ತು."

"ಆವತ್ತಿಂದ ನಾನು ದಿನಾ ಎಣಿಸಿದೀನಿ. ನಿನ್ನ ಮುಂದೇನೇ ಕೂತು ಎಣಿಸಿದೀನಿ."

"ಹೂಂ."

"ನೋಡ್ತಾ ಇದ್ಯಾ?"

ಮೇಸ್ತ್ರಿ ಸ್ಕೇಲನ್ನು ಮೇಜಿನ ಅಂಚಿಗೆ ಸರಿಸಿದರು. ರೋಲರು ಮಾಡಿದ ತಪ್ಪಿಗೆ ಯಾರ ಮುಂದೆ ಬೇಕಾದರೂ ತಲೆ ತಗ್ಗಿಸಬಹುದಿತ್ತು. ಈ ಐದು ವಾರಕ್ಕೆ ತಲೆ ತಗ್ಗಿಸಿದರೂ ಸಾಲುತ್ತಿರಲಿಲ್ಲ.

ಮಗಳು ಎದ್ದು ನಿಂತಳು. ಆಗ ಅವಳಿಗೆ ಇನ್ನೊಂದು ಹೊಳೆಯಿತು.

"ಆ ಆರು ವಾರದಲ್ಲಿ ಅದೇ ಯಂತ್ರದಲ್ಲಿ ನೋಡಿಸಿಕೊಂಡವರು? ಅವರದ್ದು?"

ಅದು ಮೇಸ್ತ್ರಿಯ ತಲೆಗೆ ಬಂದೇ ಇರಲಿಲ್ಲ. ತಮ್ಮ ಮನೆಯ ದುಃಖವನ್ನೇ ಎಣಿಸುತ್ತಾ ನಿಂತವರಿಗೆ ಆಚೆ ಈಚೆ ಕಂಡಿರಲಿಲ್ಲ.

ಅವಳು ಪತ್ರವನ್ನು ಎರಡು ತುಂಡು ಮಾಡಿ ಅಲ್ಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಟೇ ಹೋದಳು. ಭಾನುವಾರವಾದರೂ ಡಾಕ್ಟರಮ್ಮನನ್ನು ಮನೆಯಿಂದ ಕರೆತಂದಳು. ಇಬ್ಬರೂ ರಿಜಿಸ್ಟರು ತೆಗೆದು ಮೂವತ್ತೆಂಟು ಮಂದಿಯನ್ನು ಒಬ್ಬೊಬ್ಬರನ್ನಾಗಿ ಕರೆಸಿದರು. ನಾಲ್ಕು ದಿನ ಹಿಡಿಯಿತು. ಮಗಳು ಪ್ರತಿಯೊಬ್ಬರ ಕೈ ಹಿಡಿದು ತಾನೇ ಎಣಿಸಿದಳು, ಇನ್ನೊಬ್ಬಳನ್ನು ಕರೆಯಲಿಲ್ಲ. ದೇವರು ದೊಡ್ಡವನು, ಎಲ್ಲರೂ ಚೆನ್ನಾಗಿದ್ದರು. ಒಬ್ಬ ದರ್ಜಿಯನ್ನು ಮಾತ್ರ ಎರಡು ದಿನ ಮಲಗಿಸಿ ಔಷಧಿ ಬದಲಾಯಿಸಿದರು. ಅವನು ಈಗಲೂ ಹೊಲಿಯುತ್ತಿದ್ದಾನೆ.

ಡಾಕ್ಟರಮ್ಮ ಮೇಸ್ತ್ರಿಯನ್ನು ಕರೆಸಿದರು. ಕೂಗಾಡಿದರೆ ಒಳ್ಳೆಯದಿತ್ತು, ಕೂಗಾಡಲಿಲ್ಲ.

"ಆವತ್ತು ಇಲ್ಲೇ ಇಟ್ಕೊಂಡಿದ್ರೆ ಉಳೀತಿದ್ರು ಅಂತ ನಾನು ಹೇಳಲಾರೆ. ಉಳೀತಿರಲಿಲ್ಲ ಅಂತಾನೂ ಹೇಳಲಾರೆ. ನಾನೂ ಕೈ ಹಿಡಿದು ನೋಡಲಿಲ್ಲ, ಕಾಗದ ನೋಡಿದೆ. ಆ ಪಾಲು ನಂದು." ರಿಜಿಸ್ಟರು ಮುಚ್ಚಿ, "ಇನ್ನು ಯಂತ್ರ ಬಿಚ್ಚೋದು ಕಂಪನಿಯವರೇ ಮಾಡಲಿ ಮೇಸ್ತ್ರಿ," ಎಂದರು.

"ಸರಿ ಡಾಕ್ಟರಮ್ಮ. ಬಿಚ್ಚಲ್ಲ. ದಿನಾ ಬೆಳಿಗ್ಗೆ ಒಂದ್ಸಲ ಅಳೆದು ಹೋಗ್ತೀನಿ. ಅದಕ್ಕೆ ಬೇಡ ಅನ್ನಬೇಡಿ."

ಅವರು ಬೇಡ ಅನ್ನಲಿಲ್ಲ.

ಮಗಳು ಆ ವಾರವೇ ತನ್ನ ಬಟ್ಟೆಬರೆ ತೆಗೆದುಕೊಂಡು ಆಸ್ಪತ್ರೆಯ ಹಿಂದಿನ ನರ್ಸುಗಳ ಕೋಣೆಗೆ ಹೋದಳು. ಬಾಗಿಲಲ್ಲಿ ನಿಂತು, "ಒಲೆ ಹಚ್ಚಿಕೊಳ್ಳಿ, ಹೊಟ್ಟೆಗೆ ಹಾಕಿಕೊಳ್ಳಿ," ಎಂದಳು. ಹುಟ್ಟಿದಂದಿನಿಂದ ನೀನು ಎನ್ನುತ್ತಿದ್ದ ಮಗಳು ಮೊದಲ ಸಲ ಪರಕೀಯರಿಗೆ ಹೇಳುವಂತೆ ಬಹುವಚನದಲ್ಲಿ ಹೇಳಿದ್ದಳು. ಅವರು ಅಂದಿನಿಂದ ಒಲೆ ಹಚ್ಚುತ್ತಾರೆ. ಹಚ್ಚುವ ಮುಂಚೆ ಹೆಂಡತಿ ನಿಲ್ಲುತ್ತಿದ್ದ ಜಾಗದಲ್ಲಿ ನಿಲ್ಲುತ್ತಾರೆ. ಕೈ ಜೋಡಿಸುತ್ತಾರೆ. ಮಾತು ಬಾಯಿಗೆ ಬರುವುದಿಲ್ಲ. ಅವಳು ಕೇಳಿಕೊಂಡದ್ದನ್ನು ತಾವು ಯಾವ ಬಾಯಲ್ಲಿ ಕೇಳುವುದು? ಸುಮ್ಮನೆ ನಿಂತು, ಕಡ್ಡಿ ಗೀರಿ, ಒಂದು ಲೋಟ ಕುಡಿದು ಸ್ಕೇಲು ಸುತ್ತಿಕೊಂಡು ಹೊರಡುತ್ತಾರೆ. ಆ ಸುತ್ತುವ ಬಟ್ಟೆ ಅವಳು ಆ ದಿನ ಹಿಂಡಿ ತಂತಿಗೆ ಹಾಕಲು ಹೋದ ಎರಡರಲ್ಲಿ ಒಂದು.

ಅಂಗಡಿ ಈಗಲೂ ನಡೆಯುತ್ತದೆ. ಬಿಲ್ ಪ್ರಿಂಟರಿಗೂ ಸ್ಕೇಲು ಇಟ್ಟೇ ಕೊಡುತ್ತಾರೆ. "ಬಿಲ್ಲಿಗೂ ಇಷ್ಟೊಂದಾ?" ಎಂದು ಗಿರಾಕಿಗಳು ಗೊಣಗುತ್ತಾರೆ. "ಬಿಲ್ಲಿಗೇ ಮೊದಲು," ಎನ್ನುತ್ತಾರೆ ಅವರು. ಫೋಟೋದವನೊಬ್ಬನಿಗೆ ಅದರ ಅರ್ಥ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ತನ್ನ ಫೋಟೋಗಳ ಗಾಜು ಒರೆಸುತ್ತಿರುತ್ತಾನೆ.

ಈಚೆಗೆ ಮೊಣಕಾಲು ಊದಿಕೊಂಡಿದೆ. ಕಿಟಕಿಯ ಹತ್ತಿರದ ಒಂದು ನಿಮಿಷ ಐದು ನಿಮಿಷವಾಗಿದೆ. ಅದಕ್ಕೇ ಮನೆಯಿಂದ ಬೇಗ ಹೊರಡುತ್ತಾರೆ, ಏಳಕ್ಕೆ ಅಳೆಯುವುದು ಮಾತ್ರ ತಪ್ಪಿಲ್ಲ.

ಮೊನ್ನೆ ಅವರು ಹದಿನೇಳನೇ ಮೆಟ್ಟಿಲು ಮುಟ್ಟಿದಾಗ ಕಿಟಕಿಯ ಕಟ್ಟೆಯ ಮೇಲೆ ಮಗಳು ಕೂತಿದ್ದಳು. ಅವಳಮ್ಮ ಕೂತಿದ್ದ ಜಾಗ ಅದೇ. ಮೇಸ್ತ್ರಿ ಕಂಬಿ ಹಿಡಿದು ನಿಂತರು. ಅವಳು ಅವರ ಮೊಣಕಾಲು ನೋಡಿದಳು, ಆಮೇಲೆ ಮುಖ ನೋಡಿದಳು. ಕೈ ಚಾಚಿ ಅವರ ಮಣಿಕಟ್ಟು ಹಿಡಿದಳು. ತುಟಿಯಲ್ಲೇ ಎಣಿಸಿದಳು. ಗಡಿಯಾರ ನೋಡಿದ್ದು ಎಷ್ಟು ಹೊತ್ತೋ, ಅವರಿಗೆ ಲೆಕ್ಕ ಸಿಗಲಿಲ್ಲ.

"ಎಂಬತ್ತೆಂಟು," ಎಂದಳು. "ಮೆಟ್ಟಿಲು ಹತ್ತಿದ್ದಕ್ಕೆ."

ಅವರು ತಲೆಯಾಡಿಸಿದರು.

"ಅಪ್ಪ, ನಾಳೆಯಿಂದ ನೀನು ಬರಬೇಡ. ಆ ಸ್ಕೇಲು ನಂಗೆ ಕೊಡು. ದಿನಾ ನಾನೇ ಅಳೀತೀನಿ. ಹತ್ತು ಸೆಕೆಂಡಿನ ಕೆಲಸ ತಾನೇ, ಬಂದ ತಕ್ಷಣ ಮಾಡಿಬಿಡ್ತೀನಿ."

ಏಳು ತಿಂಗಳಾದ ಮೇಲೆ ಅಪ್ಪ ಎಂದಿದ್ದಳು, ನೀನು ಎಂದಿದ್ದಳು. ಮೇಸ್ತ್ರಿ ಕಂಕುಳಲ್ಲಿದ್ದ ಸ್ಕೇಲನ್ನು ಒಂದು ಕ್ಷಣ ಕೈಗೆ ತೆಗೆದುಕೊಂಡರು, ಕೊಡುವವರ ಹಾಗೆ. ಬಟ್ಟೆಯ ಅಂಚು ಬಿಚ್ಚಿಕೊಂಡಿತ್ತು, ಸರಿಯಾಗಿ ಸುತ್ತಿದರು. ಮತ್ತೆ ಕಂಕುಳಿಗೆ ಸಿಕ್ಕಿಸಿಕೊಂಡರು.

"ಬೇಡ ಪುಟ್ಟಿ. ನೀನು ಕೈ ಹಿಡಿದು ನೋಡು, ಅದು ನಿನ್ನ ಕೆಲಸ. ಅಳೆಯೋದು ನನ್ನದು."

ಹೇಳಿ, ಕಂಬಿ ಹಿಡಿದು, ಹದಿನೆಂಟನೇ ಮೆಟ್ಟಿಲ ಮೇಲೆ ಕಾಲಿಟ್ಟರು.